ಮುಂದಿನ ಹಾಲುಹಲ್ಲು ಹೋದಮೇಲೆ: ಹಾಗೇ ಬಿಡೋದಾ, ಫಿಕ್ಸೆಡ್ ಹಾಕಿಸೋದಾ, ತೆಗೆದು ಹಾಕೋ ಸೆಟ್ಟಾ?

ಮಗಳ ಮೇಲಿನ ನಾಲ್ಕು ಮುಂದಿನ ಹಲ್ಲುಗಳನ್ನು ಒಂದೇ ದಿನ ಕೀಳಿಸಿದಾಗ ಅವಳಿಗೆ 3 ವರ್ಷ 4 ತಿಂಗಳು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ವಾಪಸ್ ಬರುವ ಬಸ್ಸಿನಲ್ಲಿ ಅವಳು ನನ್ನ ಸೆರಗು ಹಿಡಿದುಕೊಂಡು ನಿದ್ದೆ ಹೋದಳು. ಕಿತ್ತ ಹಲ್ಲುಗಳು ಕಾಗದದ ಪೊಟ್ಟಣದಲ್ಲಿ ನನ್ನ ಬ್ಯಾಗಿನಲ್ಲಿದ್ದವು. ಗಾಜನೂರು ದಾಟಿತು, ಮಂಡಗದ್ದೆ ಬಂತು, ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಹೊಸ ಹಲ್ಲು ಬರುವುದು ಏಳು ವರ್ಷಕ್ಕೆ. ಅಲ್ಲಿಯವರೆಗೆ ಈ ಮಗು ಬೊಚ್ಚುಬಾಯಲ್ಲೇ ಇರಬೇಕಾ?

ಮನೆಗೆ ಬಂದರೆ ಎಲ್ಲರ ಹತ್ತಿರವೂ ಉತ್ತರ ರೆಡಿ ಇತ್ತು. ಅತ್ತೆ ಆ ಹಲ್ಲುಗಳನ್ನು ಸಗಣಿ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆದು, "ಹಾಲುಹಲ್ಲು ತಾನೇ, ಹೋದ್ರೆ ಬರುತ್ತೆ ಬಿಡು" ಎಂದರು. ಶಿವಮೊಗ್ಗದ ಅಕ್ಕ ಫೋನಿನಲ್ಲಿ, "ಸುಮ್ನೆ ಯೋಚನೆ ಮಾಡ್ಬೇಡ, ನಮ್ಮವನಿಗೆ ಹಾಕಿಸಿದ ಹಾಗೆ ಫಿಕ್ಸೆಡ್ ಹಾಕಿಸು" ಎಂದಳು. ಅಂದರೆ ಅಂಟಿಸಿಬಿಡುವ, ಮಗು ತೆಗೆಯಲಾಗದ ಹಲ್ಲು. ಪಕ್ಕದ ಮನೆಯವರು ಮೊಮ್ಮಗನಿಗೆ ತೆಗೆದು ಹಾಕುವ ಸೆಟ್ಟು ಮಾಡಿಸಿದ್ದರು. ಅವರು ಅದನ್ನೇ ಹೊಗಳಿದರು. ಆಗಿನ್ನೂ ಅದು ಕಳೆದುಹೋಗಿರಲಿಲ್ಲ.

ಹೀಗೆ ನನ್ನ ಕಣ್ಣೆದುರೇ ಮೂರು ಮಕ್ಕಳು, ಮೂರು ದಾರಿ. ನಾನು ಡಾಕ್ಟರಲ್ಲ, ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು. ಆದ್ದರಿಂದ ಯಾವುದನ್ನಾದರೂ ಪಕ್ಕಪಕ್ಕ ಇಟ್ಟು ಹೋಲಿಸದೆ ನನಗೆ ನಿದ್ದೆ ಬರುವುದಿಲ್ಲ. ಮೂರು ವರ್ಷ ನೋಡಿದ್ದು, ಡಾಕ್ಟರುಗಳ ತಲೆ ತಿಂದು ಕೇಳಿಕೊಂಡಿದ್ದು, ಎಲ್ಲ ಸೇರಿಸಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮುಂಚೆಯೇ ಹೇಳಿಬಿಡುತ್ತೇನೆ: ಫೋಟೋ ನೋಡಿ ಆರಿಸಬೇಡಿ, ರಸ್ತೆ ನೋಡಿ ಆರಿಸಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಅದಕ್ಕೂ ಮೊದಲು: ನಿಜಕ್ಕೂ ಕೀಳಲೇಬೇಕಾ?

ನಿಮ್ಮ ಮಗುವಿನ ಹಲ್ಲು ಇನ್ನೂ ಬಾಯಲ್ಲಿದ್ದರೆ ನೀವು ಪುಣ್ಯವಂತರು, ಈ ಭಾಗ ನಿಮಗೇ.

ಮೇಲಿನ ಮುಂದಿನ ಹಲ್ಲುಗಳೇ ಯಾಕೆ ಮೊದಲು ಹುಳುಕಾಗುತ್ತವೆ ಗೊತ್ತಾ? ಮಗು ಬಾಟಲಿ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋದಾಗ ಹಾಲು ಮೇಲಿನ ಹಲ್ಲುಗಳ ಸುತ್ತ ನಿಲ್ಲುತ್ತದೆ. ಕೆಳಗಿನ ಹಲ್ಲುಗಳನ್ನು ನಾಲಿಗೆ ಮುಚ್ಚಿಕೊಂಡಿರುತ್ತದೆ, ಜೊಲ್ಲು ತೊಳೆಯುತ್ತಿರುತ್ತದೆ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ, ಬಾಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಹುಳಿ ಬಿಡುತ್ತದೆ, ಆ ಹುಳಿ ಹಲ್ಲು ತಿನ್ನುತ್ತದೆ. "ಹುಳ" ಅಂತ ನಾವು ಕರೆಯುತ್ತೇವೆ, ಆದರೆ ಅಲ್ಲಿ ಯಾವ ಹುಳವೂ ಇಲ್ಲ. ನಮ್ಮ ಮನೆಯಲ್ಲಿ ಆಗಿದ್ದು ಇದೇ. ಎರಡೂವರೆ ವರ್ಷದವರೆಗೆ ರಾತ್ರಿ ಸಕ್ಕರೆ ಹಾಕಿದ ಹಾಲಿನ ಬಾಟಲಿ. ಜೊತೆಗೆ ಅಳು ನಿಲ್ಲಲಿ ಅಂತ ಬೆರಳಿಗೆ ಜೋನಿ ಬೆಲ್ಲ ಹಚ್ಚಿ ಚೀಪಿಸುವ ಪ್ರೀತಿ. ಅತ್ತೆಯ ಮೇಲೆ ಹೊರಿಸುತ್ತಿಲ್ಲ, ಬಾಟಲಿ ತುಂಬುತ್ತಿದ್ದವಳು ನಾನೇ.

ಮೊದಲು ಒಸಡಿನ ಅಂಚಿನಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಗೆರೆ ಬರುತ್ತದೆ. ಅದೇ ಶುರು. ಆಗ ಹಿಡಿದರೆ ಫ್ಲೋರೈಡ್ ವಾರ್ನಿಶ್ ಎಂಬ, ಹಲ್ಲು ಗಟ್ಟಿ ಮಾಡುವ ಲೇಪ ಹಚ್ಚಿ, ಬಾಟಲಿ ಬಿಡಿಸಿ, ನೆಟ್ಟಗೆ ಬ್ರಶ್ ಮಾಡಿಸಿದರೆ ಅಲ್ಲಿಗೇ ನಿಲ್ಲುವ ಸಾಧ್ಯತೆ ಚೆನ್ನಾಗಿದೆ. ನಾನು ಆ ಬಿಳಿ ಗೆರೆ ತೋರಿಸಿದ್ದೆ ಕೂಡ. ಒಬ್ಬ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, "ಹಾಲುಹಲ್ಲು, ಬಿದ್ದುಹೋಗುತ್ತೆ" ಎಂದು ಕಳಿಸಿದರು. ಒಂದು ವರ್ಷದ ನಂತರ ಒಸಡಿನ ಮೇಲೆ ಕೀವಿನ ಗುಳ್ಳೆ ಎದ್ದಿತು. ಆ ಮಾತನ್ನು ಕೇಳಿ ಸುಮ್ಮನಿದ್ದದ್ದಕ್ಕೆ ನನಗೆ ಈಗಲೂ ಸಿಟ್ಟಿದೆ, ಅರ್ಧ ಅವರ ಮೇಲೆ, ಅರ್ಧ ನನ್ನ ಮೇಲೆ.

ಹಲ್ಲು ಕಂದಾಗಿ ಸ್ವಲ್ಪ ತೂತಾಗಿದ್ದರೂ ಉಳಿಸಲು ದಾರಿಗಳಿವೆ. ಒಂದು, ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವ. ಸಾಮಾನ್ಯವಾಗಿ 38 ಪರ್ಸೆಂಟಿನದ್ದು. ಇಂಜೆಕ್ಷನ್ ಇಲ್ಲ, ಮಿಷನ್ ಇಲ್ಲ, ಹಚ್ಚಿದರೆ ಮುಗಿಯಿತು. ಹುಳುಕು ಬಹಳ ಸಲ ಅಲ್ಲೇ ನಿಲ್ಲುತ್ತದೆ. ಆದರೆ ಹುಳುಕಾದ ಜಾಗ ಕಪ್ಪಾಗುತ್ತದೆ, ಇದ್ದಿಲ ಹಾಗೆ, ಅದು ಹೋಗುವುದಿಲ್ಲ. ನೆಂಟರ ಬಾಯಿಗೆ ಹೆದರುವವರು ಇದನ್ನು ಬೇಡ ಎನ್ನುತ್ತಾರೆ. ನನ್ನ ಪ್ರಕಾರ ಕಪ್ಪು ಹಲ್ಲು ಇಲ್ಲದ ಹಲ್ಲಿಗಿಂತ ಎಷ್ಟೋ ವಾಸಿ. ಕೀವು ತುಂಬಿದ ಹಲ್ಲಿಗೆ ಮಾತ್ರ ಇದು ನಡೆಯುವುದಿಲ್ಲ.

ಇನ್ನೊಂದು, ಸ್ಟ್ರಿಪ್ ಕ್ರೌನ್. ಹಲ್ಲಿನ ಆಕಾರದ ತೆಳ್ಳಗಿನ ಪಾರದರ್ಶಕ ಟೊಪ್ಪಿಗೆಯಲ್ಲಿ ಹಲ್ಲಿನ ಬಣ್ಣದ ಫಿಲ್ಲಿಂಗ್ ತುಂಬಿ ಕೂರಿಸಿ, ಗಟ್ಟಿಯಾದ ಮೇಲೆ ಟೊಪ್ಪಿಗೆ ಸುಲಿಯುತ್ತಾರೆ. ನೋಡಲು ಚೆಂದ. ಆದರೆ ಹಿಡಿದುಕೊಳ್ಳಲು ಹಲ್ಲು ಸಾಕಷ್ಟು ಉಳಿದಿರಬೇಕು, ಹಾಕುವಾಗ ಜೊಲ್ಲು, ರಕ್ತ ತಾಗಬಾರದು. ಅಳುವ ಮಗುವಿನ ಬಾಯಲ್ಲಿ ಅದು ಸುಲಭವಲ್ಲ. ಮೂರನೆಯದು ಜಿರ್ಕೋನಿಯಾ ಕ್ಯಾಪ್. ಗಟ್ಟಿ, ಬಿಳಿ, ದುಬಾರಿ, ಮತ್ತು ಅದಕ್ಕೆ ಹಲ್ಲನ್ನು ಜಾಸ್ತಿ ತೇಯಬೇಕಾಗುತ್ತದೆ. ನರಕ್ಕೆ ತಲುಪಿದ್ದರೆ ಮೊದಲು ಹಾಲುಹಲ್ಲಿಗೂ ರೂಟ್ ಕೆನಾಲ್ ಥರದ ಚಿಕಿತ್ಸೆ ಮಾಡಿ ಆಮೇಲೆ ಕ್ಯಾಪ್ ಹಾಕುತ್ತಾರೆ. ಹಾಲುಹಲ್ಲಿಗೂ ರೂಟ್ ಕೆನಾಲ್ ಇದೆಯಾ ಅಂತ ಬಾಯಿ ಬಿಡಬೇಡಿ, ಇದೆ.

ಕೀಳಲೇಬೇಕಾದ ಸ್ಥಿತಿ ಅಂದರೆ, ಹಲ್ಲು ಒಸಡಿನ ಮಟ್ಟಕ್ಕೆ ಮುರಿದು ಬೇರು ಮಾತ್ರ ಉಳಿದಿರುವುದು, ಕೀವು ಮೂಳೆಗೆ ಇಳಿದಿರುವುದು, ಮುಖ ಊದುವುದು. ಆಗ ಇಟ್ಟುಕೊಳ್ಳುವುದೇ ಅಪಾಯ, ಯಾಕೆಂದರೆ ಅದರ ಮೇಲೆಯೇ ಮೂಳೆಯೊಳಗೆ ದೊಡ್ಡ ಹಲ್ಲಿನ ಮೊಳಕೆ ಕೂತಿರುತ್ತದೆ. ಮುಖ ಊದಿ ಜ್ವರ ಬಂದರೆ ಮಾರನೆ ದಿನಕ್ಕೆ ಕಾಯಬೇಡಿ.

ಹಲ್ಲಿಲ್ಲದಿದ್ದರೆ ಏನಾಗುತ್ತದೆ, ಏನಾಗುವುದಿಲ್ಲ

ನನಗೆ ಜಾಸ್ತಿ ಹೆದರಿಸಿದ್ದು "ಜಾಗ ಮುಚ್ಚಿಹೋಗುತ್ತೆ, ದೊಡ್ಡ ಹಲ್ಲು ಸೊಟ್ಟ ಬರುತ್ತೆ" ಎಂಬ ಮಾತು. ಕೇಳಿ ನೋಡಿದರೆ ಅದು ಹಿಂದಿನ ದವಡೆ ಹಲ್ಲಿನ ಕಥೆ. ಅಲ್ಲಿ ಹಾಲುಹಲ್ಲು ಬೇಗ ಹೋದರೆ, ಆರು ವರ್ಷಕ್ಕೆ ಬರುವ ದೊಡ್ಡ ದವಡೆ ಹಲ್ಲು ಮುಂದಕ್ಕೆ ಜರುಗಿ ಜಾಗ ತಿನ್ನುತ್ತದೆ. ಅದಕ್ಕೆ ಸ್ಪೇಸ್ ಮೇಂಟೇನರ್ ಎಂಬ ತಂತಿಯ ಕೊಂಡಿ ಹಾಕುತ್ತಾರೆ, ಅದು ನಿಜಕ್ಕೂ ಬೇಕು. ಮುಂದಿನ ಹಲ್ಲಿನ ವಿಷಯ ಹಾಗಲ್ಲ. ಕೋರೆಹಲ್ಲು ಬಂದಾದ ಮೇಲೆ, ಅಂದರೆ ಸುಮಾರು 16ರಿಂದ 22 ತಿಂಗಳ ನಂತರ, ಮುಂದಿನ ಹಲ್ಲು ಹೋದರೆ ಜಾಗ ಸಾಮಾನ್ಯವಾಗಿ ಅಷ್ಟೇನೂ ಮುಚ್ಚುವುದಿಲ್ಲ. ಕೋರೆಹಲ್ಲು ಬರುವ ಮೊದಲೇ ಹೋದರೆ ಮಾತ್ರ ಸ್ವಲ್ಪ ಎಚ್ಚರ ಬೇಕು. ವಿಚಿತ್ರ ನೋಡಿ, ಕಾಣುವ ಹಲ್ಲಿಗೆ ನಾವು ಕಣ್ಣೀರು ಹಾಕುತ್ತೇವೆ, ಜಾಗ ಕಾಯಬೇಕಾದ ಹಲ್ಲು ಹಿಂದೆ ಯಾರಿಗೂ ಕಾಣದೆ ಹುಳುಕಾಗುತ್ತಿರುತ್ತದೆ. ಕೈಯಲ್ಲಿ ದುಡ್ಡು ಅಷ್ಟಕ್ಕಷ್ಟೇ ಇದ್ದರೆ ಮೊದಲು ಹಿಂದಿನ ಹಲ್ಲಿಗೆ ಖರ್ಚು ಮಾಡಿ.

ಊಟದ ವಿಷಯ. ಜಗಿಯುವುದು ಹಿಂದಿನ ಹಲ್ಲು, ಕಚ್ಚುವುದು ಮುಂದಿನದು. ನೀರುದೋಸೆ, ಕಡುಬು, ಅನ್ನಕ್ಕೆ ಏನೂ ತೊಂದರೆ ಆಗಲಿಲ್ಲ. ಪೇರಳೆ ಹಣ್ಣು, ಕಬ್ಬು, ಗಟ್ಟಿ ರೊಟ್ಟಿ ಕಚ್ಚಲಾಗದೆ ಸಿಟ್ಟಾಗುತ್ತಿದ್ದಳು. ಹೋಳು ಮಾಡಿ ಕೊಟ್ಟೆವು. ಎರಡು ವಾರಕ್ಕೆ ಬಾಯಿಯ ಪಕ್ಕದಿಂದ ಕಚ್ಚುವುದನ್ನು ತಾನೇ ಕಲಿತಳು.

ಮಾತು. ಇಲ್ಲಿ ವಯಸ್ಸು ಮುಖ್ಯ. ತ, ದ, ನ ಹೇಳಲು ನಾಲಿಗೆ ಮೇಲಿನ ಹಲ್ಲಿನ ಹಿಂಬದಿಗೆ ತಾಗಬೇಕು. ಸ ಹೇಳಲು ಗಾಳಿ ಹಲ್ಲಿನ ಅಂಚಿನಿಂದ ಜಾರಬೇಕು. ನೀವೇ ಹೇಳಿ ನೋಡಿಕೊಳ್ಳಿ. ಪ, ಬ, ಮ ತುಟಿಯ ಕೆಲಸ, ಅವಕ್ಕೆ ಏನೂ ಆಗುವುದಿಲ್ಲ. ಮಾತು ಇನ್ನೂ ಕೂಡಿಬರದ ಮಗುವಿಗೆ, ಅಂದರೆ ಮೂರು ವರ್ಷಕ್ಕೆ ಮುಂಚೆ ಹಲ್ಲು ಹೋದರೆ, ಈ ಅಕ್ಷರಗಳು ತೊದಲುವ ಭಯ ಸ್ವಲ್ಪ ಜಾಸ್ತಿ. ಮಾತು ಕಲಿತ ಮೇಲೆ ಹೋದರೆ ಹೆಚ್ಚಿನ ಮಕ್ಕಳು ಹೊಂದಿಕೊಳ್ಳುತ್ತಾರೆ. ನನ್ನ ಮಗಳು ಒಂದು ತಿಂಗಳು "ಸಕ್ಕರೆ"ಗೆ "ಥಕ್ಕರೆ" ಎಂದಳು, ಆಮೇಲೆ ಸರಿಹೋಯಿತು. ತೊದಲು ತಿಂಗಳುಗಟ್ಟಲೆ ಉಳಿದರೆ ಮಾತಿನ ತರಬೇತಿ ಕೊಡುವವರಿಗೆ ತೋರಿಸಿ, ಹಲ್ಲು ಹಾಕಿಸಿದರೆ ತಾನೇ ಸರಿಯಾಗುತ್ತದೆ ಅಂತ ಕೂರಬೇಡಿ.

ಇನ್ನು ಉಳಿದದ್ದು ನೋಟ. ನಿಜ ಹೇಳಬೇಕೆಂದರೆ ಕೋರೆಹಲ್ಲು ಬಂದ ಮಕ್ಕಳಲ್ಲಿ ಮುಂದಿನ ಹಲ್ಲು ಹಾಕಿಸುವ ದೊಡ್ಡ ಕಾರಣ ನೋಟವೇ. ಅದು ಸಣ್ಣ ಕಾರಣ ಅಂತ ನಾನು ಹೇಳುವುದಿಲ್ಲ. ಅಕ್ಕನ ಮಗ ಎಲ್‌ಕೆಜಿಯಲ್ಲಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಮಾತಾಡುತ್ತಿದ್ದ, ಫೋಟೋಕ್ಕೆ ನಿಲ್ಲುತ್ತಿರಲಿಲ್ಲ. ಅಂಥ ಮಗುವಿಗೆ ಹಲ್ಲು ಹಾಕಿಸುವುದು ಶೋಕಿಯಲ್ಲ. ಆದರೆ ನಾಚಿಕೆ ಮಗುವಿನದ್ದಾ ಅಥವಾ ನಮ್ಮದಾ ಎಂದು ಒಮ್ಮೆ ಕೇಳಿಕೊಳ್ಳಿ. ನಮ್ಮ ಮನೆಯಲ್ಲಿ ನಾಚಿಕೆ ನನ್ನದಾಗಿತ್ತು. ಮಗಳು ಕನ್ನಡಿ ಮುಂದೆ ನಿಂತು ಆ ಕಿಂಡಿಯಿಂದ ನಾಲಿಗೆ ತೂರಿಸಿ ನಗುತ್ತಿದ್ದಳು.

ಹಾಗೇ ಬಿಡುವುದು

ಇದನ್ನು "ಏನೂ ಮಾಡದೆ ಇರುವುದು" ಅಂದುಕೊಳ್ಳಬೇಡಿ. ಇದೂ ಒಂದು ಆಯ್ಕೆ, ಡಾಕ್ಟರುಗಳೂ ಒಪ್ಪುವ ಆಯ್ಕೆ. ಬಾಯಲ್ಲಿ ಸಡಿಲವಾಗುವ ವಸ್ತು ಇಲ್ಲ, ತಂತಿಯ ಸಂದಿಯಲ್ಲಿ ಅವಲಕ್ಕಿ ಸಿಕ್ಕಿಕೊಳ್ಳುವುದಿಲ್ಲ. ಖರ್ಚಿಲ್ಲ. ಆರು ತಿಂಗಳಿಗೊಮ್ಮೆ, ಹುಳುಕು ಜಾಸ್ತಿ ಇದ್ದ ಮಗುವಿಗೆ ಮೂರು ತಿಂಗಳಿಗೊಮ್ಮೆ, ಬಾಯಿ ತೋರಿಸಿದರೆ ಆಯಿತು.

ತೊಂದರೆ ಎರಡು. ಒಂದು, ಬಹಳ ಚಿಕ್ಕ ವಯಸ್ಸಿನಲ್ಲಿ ಕಿತ್ತರೆ ಆ ಜಾಗದ ಒಸಡು, ಮೂಳೆ ಗಟ್ಟಿಯಾಗಿ ದೊಡ್ಡ ಹಲ್ಲು ತಡವಾಗಿ ಬರಬಹುದು. ಏಳಕ್ಕೆ ಬರಬೇಕಾದ್ದು ಎಂಟರ ಹತ್ತಿರ ಬಂದರೆ ಗಾಬರಿಯಾಗಬೇಡಿ, ಡಾಕ್ಟರು ಒಂದು ಎಕ್ಸ್‌ರೇ ನೋಡಿ ಹೇಳುತ್ತಾರೆ. ಎರಡು, ಜನ. ಮದುವೆಮನೆಯಲ್ಲಿ ಯಾರೋ ದೂರದ ನೆಂಟರು "ಅಯ್ಯೋ, ಹೆಣ್ಣುಮಗು, ಹಲ್ಲೆಲ್ಲಿ ಹೋಯ್ತೇ?" ಎಂದು ಎಲ್ಲರೆದುರು ಕೇಳುತ್ತಾರೆ. ನಮ್ಮ ಅತ್ತೆ ಒಂದು ಉತ್ತರ ಕಂಡುಕೊಂಡಿದ್ದರು: "ಹೆಂಚಿನ ಮೇಲಿದೆ, ಏಣಿ ತಂದು ನೋಡಿ." ಆರು ವರ್ಷ ದಾಟಿದ ಮೇಲೆ ಈ ಪ್ರಶ್ನೆಯೇ ನಿಂತಿತು, ಯಾಕೆಂದರೆ ಒಂದನೇ ಕ್ಲಾಸಿನಲ್ಲಿ ಅರ್ಧ ಮಕ್ಕಳು ಕಿಂಡಿ ಬಾಯಿಯವರೇ.

ಫಿಕ್ಸೆಡ್, ಅಂದರೆ ಗ್ರೋಪರ್ಸ್ ಅಪ್ಲಯನ್ಸ್

ಅಕ್ಕನ ಮಗನಿಗೆ ಹಾಕಿಸಿದ್ದು ಇದು. ಹಿಂದಿನ ಎರಡು ದವಡೆ ಹಲ್ಲುಗಳಿಗೆ ಸ್ಟೀಲಿನ ಉಂಗುರ, ಅಥವಾ ಆ ಹಲ್ಲುಗಳೂ ಹುಳುಕಾಗಿದ್ದರೆ ಪೂರ್ತಿ ಸ್ಟೀಲಿನ ಕ್ಯಾಪ್. ಎರಡರ ನಡುವೆ ಅಂಗುಳದ ಗುಂಟ ದಪ್ಪ ತಂತಿ. ಆ ತಂತಿಯ ಮುಂದಿನ ತುದಿಯಲ್ಲಿ ಅಕ್ರಿಲಿಕ್ಕಿನ ನಾಲ್ಕು ಪುಟ್ಟ ಹಲ್ಲು. ಅಂಟಿಸಿದ ಮೇಲೆ ಮಗು ತೆಗೆಯಲಾಗದು. ನೋಡಲು ಎಷ್ಟು ಸಹಜ ಅಂದರೆ ಅವನ ಟೀಚರಿಗೇ ಗೊತ್ತಾಗಲಿಲ್ಲ. ಎರಡೇ ದಿನದಲ್ಲಿ ಅವನು ಕೈ ತೆಗೆದು ನಕ್ಕ. ಆ ನಗು ನೋಡಿ ನನಗೂ ಆಸೆಯಾಗಿದ್ದು ಸುಳ್ಳಲ್ಲ.

ಆದರೆ ಒಳಗಿನ ವಿಷಯ ಕೇಳಿ. ಮೊದಲನೆಯದಾಗಿ ಹಿಂದಿನ ಹಲ್ಲು ಬಂದಿರಬೇಕು. ಎರಡನೇ ದವಡೆ ಹಾಲುಹಲ್ಲು ಬರುವುದೇ ಸುಮಾರು 23ರಿಂದ 33 ತಿಂಗಳಿಗೆ, ಹಾಗಾಗಿ ಎರಡು ವರ್ಷದ ಮಗುವಿಗೆ ಇದು ಕಷ್ಟ. ಅಳತೆ ತೆಗೆಯಲು ಬಾಯಿ ತುಂಬ ಹಿಟ್ಟಿನಂಥದ್ದು ಇಟ್ಟು ಒಂದೆರಡು ನಿಮಿಷ ಹಿಡಿಯಬೇಕು. ಅಕ್ಕನ ಮಗ ಮೊದಲ ಸಲ ಡಾಕ್ಟರ ಕೋಟಿನ ಮೇಲೆ ವಾಂತಿ ಮಾಡಿದ. ಅಳತೆ ಲ್ಯಾಬಿಗೆ ಹೋಗಿ ಬರಬೇಕು. ಗಾಯ ಮಾಗಿ ಒಸಡು ಇಳಿಯಲಿ ಅಂತ ಕೆಲವು ಡಾಕ್ಟರು ಕಿತ್ತ ಮೇಲೆ ಆರರಿಂದ ಎಂಟು ವಾರ ಕಾಯಿಸುತ್ತಾರೆ.

ಹಾಕಿಸಿದ ಮೇಲಿನ ಸಂಸಾರ ಬೇರೆ. ತಂತಿಯ ಸುತ್ತ ದಿನಾ ಎರಡು ಹೊತ್ತು ಬ್ರಶ್ ಆಡಿಸಬೇಕು, ಇಲ್ಲದಿದ್ದರೆ ಉಂಗುರದ ಕೆಳಗೆ ಒಳ್ಳೆಯ ಹಲ್ಲೇ ಹುಳುಕಾಗುತ್ತದೆ. ಅಂಟುವ ಮಿಠಾಯಿ ಬಂದ್. ಚಕ್ಕುಲಿ, ಕೋಡುಬಳೆ ಪುಡಿ ಮಾಡಿ ಕೊಡಬೇಕು. ಅಕ್ಕನ ಮನೆಯಲ್ಲಿ ಇದೆಲ್ಲ ಕಟ್ಟುನಿಟ್ಟಾಗಿ ನಡೆಯಿತು. ಆಮೇಲೆ ದೊಡ್ಡಪ್ಪನ ಮನೆಯ ಆಲೆಮನೆಗೆ ಹೋದರು. ಬಿಸಿ ಬೆಲ್ಲ ಎಳೆದು ತಿಂದು ಬಂದ ಮಾರನೆ ದಿನ ಒಂದು ಕಡೆಯ ಉಂಗುರ ಬಿಚ್ಚಿಕೊಂಡು ತಂತಿ ನಾಲಿಗೆಗೆ ಚುಚ್ಚುತ್ತಿತ್ತು. ಅಕ್ಕನ ಮನೆಯಿಂದ ಕ್ಲಿನಿಕ್ಕಿಗೆ ಆಟೋದಲ್ಲಿ ಹತ್ತು ನಿಮಿಷ. ಮಧ್ಯಾಹ್ನದೊಳಗೆ ಅಂಟಿಸಿಕೊಂಡು ಬಂದರು. ಇನ್ನೊಮ್ಮೆ ಆಡುವಾಗ ಬಿದ್ದು ಒಂದು ಹಲ್ಲು ಹಾರಿತು, ಅದೂ ರಿಪೇರಿಯಾಯಿತು.

ಒಂದು ಕಡೆ ಬಿಚ್ಚಿಕೊಂಡ ತಂತಿ ಗಂಟಲಿನ ಹತ್ತಿರ ಓಲಾಡುತ್ತಿರುವುದು ತಮಾಷೆಯಲ್ಲ, ಅದನ್ನು "ಸಂತೆ ದಿನ ಹೋದಾಗ ತೋರಿಸೋಣ" ಎಂದು ಮುಂದೂಡುವ ಹಾಗಿಲ್ಲ. ಅದಕ್ಕೇ ನನ್ನ ರಸ್ತೆಯ ಲೆಕ್ಕ. ನಮ್ಮಿಂದ ಶಿವಮೊಗ್ಗ ಸುಮಾರು 60 ಕಿಲೋಮೀಟರ್. ಮೂರೂವರೆ ವರ್ಷಕ್ಕೆ ಹಾಕಿಸಿ ಆರೂವರೆಗೆ ತೆಗೆಸುವುದಾದರೆ, ಮೂರು ತಿಂಗಳಿಗೊಮ್ಮೆ ತಪಾಸಣೆ ಅಂದರೆ 12 ಸಲ. ಹೋಗಿ ಬರಲು 120ರಂತೆ 1,440 ಕಿಲೋಮೀಟರ್. ಇದರಲ್ಲಿ ಅಳತೆ, ಹಾಕಿಸುವ ದಿನ, ಆಲೆಮನೆ, ಬೀಳುವುದು ಯಾವುದೂ ಸೇರಿಲ್ಲ. ಅಡಿಕೆ ಕೊಯ್ಲಿನಲ್ಲಿ ಮನೆಯಲ್ಲಿ ಒಬ್ಬರೂ ಬಿಡುವಿರುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಹೊಡೆಯುವಾಗ ಮರ ಬಿದ್ದು ರಸ್ತೆ ಬಂದ್ ಆದರೆ? ಮಣಿಪಾಲಕ್ಕೆ ಹೋಗುವವರಿಗೆ ಆಗುಂಬೆ ಘಾಟಿಯ ತಿರುವುಗಳು ಬೇರೆ, ಬಾಯಿ ನೋವಿನ ಮಗು ವಾಂತಿ ಮಾಡದೆ ಇಳಿಯುವುದಿಲ್ಲ. ಈ ಲೆಕ್ಕ ಬರೆದು ಗಂಡನಿಗೆ ತೋರಿಸಿದೆ. ದುಡ್ಡೆಷ್ಟು ಎಂದು ಕೇಳುತ್ತಿದ್ದವರು ಆಮೇಲೆ ಕೇಳಲಿಲ್ಲ.

ಕೆಲವು ಮಕ್ಕಳಿಗೆ ರಸ್ತೆ ಹತ್ತಿರವಿದ್ದರೂ ಇದು ಬೇಡ. ಬಾಯಲ್ಲಿ ಇನ್ನೂ ಹುಳುಕು ಹರಡುತ್ತಿದ್ದರೆ, ಕಚ್ಚಿದಾಗ ಕೆಳಗಿನ ಹಲ್ಲು ಮೇಲಿನ ಒಸಡಿಗೆ ತಾಗುವಷ್ಟು ಆಳವಿದ್ದರೆ, ಮೂರ್ಛೆ ರೋಗವಿದ್ದರೆ, ಅಥವಾ ದೊಡ್ಡ ಹಲ್ಲು ಆರು ತಿಂಗಳೊಳಗೆ ಬರುವ ಹಾಗಿದ್ದರೆ. ಕೊನೆಯದನ್ನು ಯಾರೂ ತಾವಾಗಿ ಹೇಳುವುದಿಲ್ಲ, ನೀವೇ ಕೇಳಿ.

ತೆಗೆದು ಹಾಕುವ ಸೆಟ್ಟು

ಅಜ್ಜನ ಹಲ್‌ಸೆಟ್ಟಿನ ಪುಟ್ಟ ರೂಪ. ಅಂಗುಳಕ್ಕೆ ಕೂರುವ ಅಕ್ರಿಲಿಕ್ ತಟ್ಟೆ, ಹಿಂದಿನ ಹಲ್ಲು ಹಿಡಿಯಲು ತಂತಿಯ ಕೊಕ್ಕೆ, ಮುಂದೆ ಹಲ್ಲು. ಸಾಮಾನ್ಯವಾಗಿ ಫಿಕ್ಸೆಡ್‌ಗಿಂತ ಕಡಿಮೆ ಖರ್ಚು. ತೆಗೆದು ತೊಳೆಯಬಹುದು, ಹಿಂದಿನ ಹಲ್ಲು ನೆಟ್ಟಗೆ ಉಜ್ಜಬಹುದು. ಮುಂದಿನ ಹಲ್ಲಿನ ಜೊತೆ ಹಿಂದಿನದೂ ಒಂದೆರಡು ಹೋಗಿದ್ದರೆ ಎರಡೂ ಜಾಗಕ್ಕೆ ಒಂದೇ ಸೆಟ್ಟಿನಲ್ಲಿ ಹಲ್ಲು ಕೂರಿಸಬಹುದು, ಇದು ಇದರ ದೊಡ್ಡ ಲಾಭ.

ಪೇಪರಿನ ಮೇಲೆ ಎಲ್ಲ ಚೆಂದ. ಆದರೆ ಇದನ್ನು ಹಾಕಿಕೊಳ್ಳುವವರು ಯಾರು? ನಾಲ್ಕು ವರ್ಷದ ಮಗು. ಪಕ್ಕದ ಮನೆಯ ಹುಡುಗ ಮೊದಲ ವಾರ ಹೆಮ್ಮೆಯಿಂದ ಹಾಕಿಕೊಂಡ, ಎರಡನೇ ವಾರ ಜೇಬಿನಲ್ಲಿಟ್ಟುಕೊಂಡ. ಮೂರನೇ ತಿಂಗಳು ಒಂದು ಉಪನಯನದ ಊಟದಲ್ಲಿ, ಹೋಳಿಗೆ ತಿನ್ನಲು ಅಡ್ಡ ಬಂತು ಅಂತ ತೆಗೆದು ಬಾಳೆಲೆಯ ತುದಿಗೆ ಇಟ್ಟ. ಊಟ ಮುಗಿಯಿತು, ಎಲೆ ಮಡಿಸಿದ, ಎಲೆ ತೆಗೆಯುವವರು ತೆಗೆದುಕೊಂಡು ಹೋದರು. ಅವರ ಅಜ್ಜ ಆ ಸಂಜೆ ಕೋಲು ಹಿಡಿದು ಎಂಜಲೆಲೆಯ ಗುಂಡಿಯಲ್ಲಿ ಹುಡುಕಿದ್ದನ್ನು ಊರಿನಲ್ಲಿ ಇನ್ನೂ ಹೇಳಿಕೊಂಡು ನಗುತ್ತಾರೆ. ಸಿಗಲಿಲ್ಲ. ಎರಡನೇ ಸೆಟ್ಟು ಮಾಡಿಸಲಿಲ್ಲ.

ಕಳೆದರೆ ದುಡ್ಡು ಹೋಯಿತು ಅಷ್ಟೆ. ನುಂಗಿದರೆ, ಅಥವಾ ಉಸಿರಿನ ಕೊಳವೆಗೆ ಹೋದರೆ? ಅಕ್ರಿಲಿಕ್ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದೂ ಇಲ್ಲ, ತಂತಿ ಇದ್ದರೆ ಅದು ಕಾಣುತ್ತದೆ. ಹಾಗಾಗಿ ರಾತ್ರಿ ಮಲಗುವಾಗ ತೆಗೆಯಲೇಬೇಕು, ನೀರಿನ ಡಬ್ಬದಲ್ಲಿ ಹಾಕಿಡಬೇಕು. ಬಿಸಿನೀರಲ್ಲ, ಬಿಸಿಗೆ ಸೊಟ್ಟಗಾಗುತ್ತದೆ. ದವಡೆ ಬೆಳೆದ ಹಾಗೆ ಬಿಗಿಯಾಗುತ್ತದೆ, ಆಗ ಹೊಸದು ಮಾಡಿಸಬೇಕು. ಈ ಎರಡನೇ ಖರ್ಚನ್ನು ಮೊದಲೇ ಸೇರಿಸಿ ಲೆಕ್ಕ ಹಾಕಿದರೆ ಫಿಕ್ಸೆಡ್‌ಗೂ ಇದಕ್ಕೂ ಅಂತರ ಅಷ್ಟೇನೂ ಉಳಿಯದಿರಬಹುದು.

ಹಾಗಂತ ಯಾರಿಗೂ ಬೇಡ ಎನ್ನುವುದಿಲ್ಲ. ಐದು ವರ್ಷ ದಾಟಿದ, ಹೇಳಿದ ಮಾತು ಕೇಳುವ, ತನಗೇ ಹಲ್ಲು ಬೇಕು ಎನ್ನುವ ಮಗು, ಶಾಲೆ ಮತ್ತು ಸಮಾರಂಭಕ್ಕೆ ಮಾತ್ರ ಹಾಕಿಕೊಂಡು ಮನೆಗೆ ಬಂದ ಕೂಡಲೇ ಡಬ್ಬಕ್ಕೆ ಹಾಕುವ ಶಿಸ್ತಿದ್ದರೆ, ದೂರದ ಹಳ್ಳಿಯವರಿಗೆ ಇದೇ ಫಿಕ್ಸೆಡ್‌ಗಿಂತ ಮೇಲು. ಕೊಕ್ಕೆ ಮುರಿದರೆ ಹಾಕದೆ ಬಿಟ್ಟರಾಯಿತು, ರಾತ್ರೋರಾತ್ರಿ ಓಡಬೇಕಿಲ್ಲ.

ಹಾಗಾದರೆ ಯಾರಿಗೆ ಯಾವುದು

ಎರಡೂವರೆ ವರ್ಷದೊಳಗಿನ ಮಗುವಿಗೆ ಹೆಚ್ಚಿನ ಸಲ ಕಾಯುವುದೇ ಉತ್ತರ, ಕೋರೆಹಲ್ಲು ಬಂದಿಲ್ಲದಿದ್ದರೆ ಜಾಗದ ಮೇಲೆ ಡಾಕ್ಟರ ಕಣ್ಣಿರಲಿ. ಮೂರರಿಂದ ಐದರ ನಡುವೆ, ಶಿವಮೊಗ್ಗ, ಭದ್ರಾವತಿ ಪೇಟೆಯಲ್ಲೇ ಮನೆ, ಹುಳುಕು ಪೂರ್ತಿ ನಿಂತಿದೆ, ಮಗು ಕುರ್ಚಿಯಲ್ಲಿ ಕೂರುತ್ತದೆ, ಮತ್ತು ಅದಕ್ಕೆ ನಿಜವಾಗಿ ನಾಚಿಕೆ ಅಥವಾ ಮಾತಿನ ತೊಂದರೆ ಇದೆ ಅಂದರೆ ನಾನು ಫಿಕ್ಸೆಡ್ ಎನ್ನುತ್ತೇನೆ, ಎರಡು ಮಾತಿಲ್ಲ. ಅದೇ ಮಗು ಹೊಸನಗರದ ಆಚೆ ಬಸ್ಸು ದಿನಕ್ಕೆ ಎರಡೇ ಸಲ ಬರುವ ಊರಿನಲ್ಲಿದ್ದರೆ ಹಾಗೇ ಬಿಡಿ. ಐದೂವರೆ ದಾಟಿದ್ದರೆ ಎಲ್ಲಿದ್ದರೂ ಸುಮ್ಮನಿರಿ, ಹಾಕಿಸಿದ್ದನ್ನು ತೆಗೆಸುವ ಹೊತ್ತಿಗೆ ಬಂದುಬಿಡುತ್ತೀರಿ.

ಯಾರ ಹತ್ತಿರ ಹೋಗುವುದು? ತಾಲ್ಲೂಕು ಆಸ್ಪತ್ರೆಗಳಲ್ಲಿ ದಂತವೈದ್ಯರು ಇರುತ್ತಾರೆ, ಮೊದಲ ತಪಾಸಣೆಗೆ, ಕೀಳಿಸುವುದಕ್ಕೆ ಅಲ್ಲಿ ಹೋಗಬಹುದು. ಮಕ್ಕಳ ಕ್ಯಾಪ್, ಈ ತಂತಿ ಹಲ್ಲುಗಳಿಗೆ ಪೀಡೋಡಾಂಟಿಸ್ಟ್ ಅಂತ ಇರುತ್ತಾರೆ, ಬಿಡಿಎಸ್ ಆದಮೇಲೆ ಮೂರು ವರ್ಷ ಮಕ್ಕಳ ಹಲ್ಲನ್ನೇ ಓದಿದವರು. ಶಿವಮೊಗ್ಗದಲ್ಲಿ ಶರಾವತಿ ಡೆಂಟಲ್ ಕಾಲೇಜಿದೆ, ಘಾಟಿ ಇಳಿದರೆ ಮಣಿಪಾಲದಲ್ಲಿದೆ. ಕಾಲೇಜುಗಳಲ್ಲಿ ಸಾಮಾನ್ಯವಾಗಿ ಖರ್ಚು ಕಡಿಮೆ, ಸಮಯ ಜಾಸ್ತಿ.

ಒಪ್ಪುವ ಮೊದಲು ಫೀಸಿನ ಬಗ್ಗೆ ಹೀಗೆ ಕೇಳಿ: ಬಿಚ್ಚಿದರೆ ಮತ್ತೆ ಅಂಟಿಸಲು ಬೇರೆ ದುಡ್ಡಾ? ಮುರಿದರೆ? ಕೊನೆಗೆ ತೆಗೆಯುವುದಕ್ಕೆ? ನಾನು ಸೊಸೈಟಿಯಲ್ಲಿ ಸಾಲದ ಅರ್ಜಿ ನೋಡುವವಳು, ಹೇಳದೆ ಬಿಟ್ಟ ಸಾಲಿನಲ್ಲೇ ಖರ್ಚು ಅಡಗಿರುತ್ತದೆ ಅಂತ ಗೊತ್ತು. ಕ್ಲಿನಿಕ್ಕು ಭಾನುವಾರ ಫೋನ್ ಎತ್ತುತ್ತದಾ ಅಂತಲೂ ಕೇಳಿ, ಅಕ್ಕ ಕೇಳಿರಲಿಲ್ಲ.

ಹುಳುಕು ನಿಲ್ಲದೆ ಯಾವುದನ್ನು ಹಾಕಿಸಿದರೂ ಸೋರುವ ಮಾಡಿಗೆ ಬಣ್ಣ ಹೊಡೆದ ಹಾಗೆ. ರಾತ್ರಿ ಬಾಟಲಿ ಬಂದ್, ಒಂದು ವರ್ಷ ದಾಟುತ್ತಿದ್ದಂತೆ ಲೋಟಕ್ಕೆ ಬದಲಿಸಿ. ರಾತ್ರಿ ಬ್ರಶ್ ಆದಮೇಲೆ ನೀರು ಬಿಟ್ಟು ಬೇರೇನೂ ಇಲ್ಲ. 1,000 ಪಿಪಿಎಂ ಫ್ಲೋರೈಡ್ ಇರುವ ಪೇಸ್ಟ್, ಮೂರು ವರ್ಷದವರೆಗೆ ಅಕ್ಕಿಕಾಳಷ್ಟು, ಆಮೇಲೆ ಬಟಾಣಿ ಕಾಳಷ್ಟು. ಮಕ್ಕಳ ಪೇಸ್ಟ್ ಅಂತ ಗೊಂಬೆ ಚಿತ್ರ ಇದ್ದ ಮಾತ್ರಕ್ಕೆ ಫ್ಲೋರೈಡ್ ಇರುತ್ತದೆ ಅಂತಿಲ್ಲ, ಹಿಂದಿನ ಸಣ್ಣ ಅಕ್ಷರ ಓದಿ. ಏಳೆಂಟು ವರ್ಷದವರೆಗೆ ಬ್ರಶ್ ನಿಮ್ಮ ಕೈಯಲ್ಲೇ ಇರಲಿ. ಎರಡನೇ ಮಗು ಇದ್ದರೆ ಒಂದು ವರ್ಷ ತುಂಬುವುದರೊಳಗೆ ಒಮ್ಮೆ ಬಾಯಿ ತೋರಿಸಿ. ನಾವು ಚಿಕ್ಕವನನ್ನು ತೋರಿಸಿದೆವು. ಜೋನಿ ಬೆಲ್ಲ ಈಗ ದೋಸೆಯ ಜೊತೆ ಮಾತ್ರ, ಊಟದ ಹೊತ್ತಿಗೆ. ಬೆರಳಿಗಿಲ್ಲ. ಇದಕ್ಕೆ ಅತ್ತೆಯನ್ನು ಒಪ್ಪಿಸಲು ಒಂದು ಮಳೆಗಾಲ ಹಿಡಿಯಿತು.

ಅಕ್ಕನ ಮಗನ ತಂತಿಯನ್ನು ಮೊನ್ನೆ ತೆಗೆಸಿದರು. ಮೇಲಿನ ಒಸಡು ಉಬ್ಬಿ ದೊಡ್ಡ ಹಲ್ಲಿನ ಅಂಚು ಬೆಳ್ಳಗೆ ಕಾಣುತ್ತಿತ್ತು. ಉಂಗುರದ ಕೆಳಗಿನ ಹಲ್ಲುಗಳು ಚೆನ್ನಾಗಿದ್ದವು, ವಾರ್ನಿಶ್ ಹಚ್ಚಿ ಕಳಿಸಿದರಂತೆ. ಅವನು ಆ ನಾಲ್ಕು ಹಲ್ಲನ್ನು ತಂತಿ ಸಮೇತ ಡಬ್ಬದಲ್ಲಿ ಹಾಕಿಕೊಂಡು ನಮ್ಮ ಮನೆಗೆ ಬಂದ, ಅವರದ್ದು ತಾರಸಿ ಮನೆ, ಅಲ್ಲಿ ಎಸೆಯಲು ಹೆಂಚಿಲ್ಲ. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದನ್ನ ಎಸೆದ್ರೆ ನನ್ನ ಹೆಂಚು ಒಡೆಯುತ್ತೆ. ನಿಮ್ಮಪ್ಪ ಇಷ್ಟು ದುಡ್ಡು ಕೊಟ್ಟಿದಾನೆ, ತಗೊಂಡೋಗಿ ಅವನ ಬೀರುವಲ್ಲಿ ಇಡು" ಎಂದರು.